ಮೂಗಿನ ಹತ್ತಿರದ ಗಾಳಿ: ಥಿನ್ನರ್, ಸೀಸ, ತಾಮ್ರ ಮೈಗೆ ಎಷ್ಟು ಸೇರುತ್ತಿದೆ ಎಂದು ಅಳೆಯುವ ಬಗೆ

ಅಪ್ಪನ ರೇಡಿಯೇಟರ್ ಅಂಗಡಿ ಶಿವಮೊಗ್ಗದ ಸಾಗರ ರಸ್ತೆ ಕಡೆಗಿತ್ತು. ಘಾಟಿ ಹತ್ತಿ ಬರುವ ಲಾರಿಗಳೇ ಅವರ ಗಿರಾಕಿಗಳು. ಹುಲಿಕಲ್ ಹತ್ತುವಷ್ಟರಲ್ಲಿ ಎಂಜಿನ್ ಕಾದು, ರೇಡಿಯೇಟರ್ ಎಲ್ಲಾದರೂ ಒಂದು ಕಡೆ ಸೋರಲು ಶುರುವಾಗಿರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಡುತ್ತಿದ್ದರು. ಗುಳ್ಳೆ ಎದ್ದ ಕಡೆ ಗುರುತು ಮಾಡಿ, ಹಳೆಯ ಬೆಸುಗೆಯನ್ನು ಬೆಂಕಿ ಹಿಡಿದು ಕರಗಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಹೊಸ ಬೆಸುಗೆ ಹಾಕುತ್ತಿದ್ದರು. ಆ ಬೆಸುಗೆ ಎಂದರೆ ಸೀಸ ಮತ್ತು ತವರ. ಉಜ್ಜುವಾಗ ಏಳುವ ಬೂದು ಪುಡಿ ಅವರ ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದೂ ಅದೇ ಬೆಂಚಿನ ಮೇಲೆ.

ಅವರಿಗೆ ಹೊಟ್ಟೆನೋವು, ಮಲಬದ್ಧತೆ, ಸುಸ್ತು. ಆರು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ರಕ್ತ ಕಮ್ಮಿ ಇದೆ ಎಂದು ಟಾನಿಕ್ ಬರೆದುಕೊಟ್ಟರು. ತೋರಿಸಿದ ವೈದ್ಯರಲ್ಲಿ ಒಬ್ಬರೂ "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಲಿಲ್ಲ. ನಾನು ಆಗ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದೆ. ಪಾಠದಲ್ಲಿ ಸೀಸದ ವಿಷದ ಲಕ್ಷಣಗಳು ಬಂದಾಗ ನನಗೆ ಕಂಡದ್ದು ಅಪ್ಪನ ಮುಖ. ಬೆಂಗಳೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಡೆಸಿಲೀಟರ್‌ಗೆ 52 ಮೈಕ್ರೋಗ್ರಾಂ ಸೀಸ. 5 ಇದ್ದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆಮೇಲೆ ನಾನು ಇದೇ ಕೆಲಸ ಹಿಡಿದೆ. ಗ್ಯಾರೇಜು, ಪ್ರಿಂಟಿಂಗ್ ಪ್ರೆಸ್ಸು, ಫೌಂಡ್ರಿ, ಬ್ಯಾಟರಿ ಅಂಗಡಿಗಳಿಗೆ ಹೋಗಿ, ಕೆಲಸಗಾರರು ಉಸಿರಾಡುವ ಗಾಳಿ ಅಳೆಯುತ್ತೇನೆ. ಅಳತೆ ಹೇಗೆ ನಡೆಯುತ್ತದೆ, ನೀವು ಏನು ಕೇಳಬೇಕು, ರಿಪೋರ್ಟ್ ಬಂದರೆ ಹೇಗೆ ಓದಬೇಕು, ಇದೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಪಂಪು ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೂ ಯಾರೋ ಬಂದು ಅಳೆಯುವಾಗ ಅದು ಸರಿಯಾಗಿ ನಡೆಯುತ್ತಿದೆಯಾ ಎಂದು ನಿಮಗೆ ಗೊತ್ತಾಗಬೇಕು ಅಲ್ವಾ?

ಪಂಪಿಗೆ ಮೊದಲು ಕಣ್ಣು

ಮೊದಲ ದಿನ ನಾನು ಯಾವ ಉಪಕರಣವನ್ನೂ ಒಯ್ಯುವುದಿಲ್ಲ. ಒಂದು ನೋಟ್‌ಬುಕ್ ಸಾಕು. ಅರ್ಧ ದಿನ ಸುಮ್ನೆ ಕೂತು ನೋಡುತ್ತೇನೆ. ಯಾವ ಡಬ್ಬಿಯಿಂದ ಏನು ಸುರಿಯುತ್ತಾರೆ? ಲೇಬಲ್ ಮೇಲೆ ಏನು ಬರೆದಿದೆ? ಕೈ ಯಾವುದರಲ್ಲಿ ತೊಳೆಯುತ್ತಾರೆ? ಊಟ ಎಲ್ಲಿ ಮಾಡುತ್ತಾರೆ? ಕಸ ಗುಡಿಸುವುದು ಯಾರು, ಒಣ ಪೊರಕೆಯಲ್ಲೋ ನೀರು ಹಾಕಿಯೋ?

ಥಿನ್ನರ್ ಎಂದರೆ ಒಂದೇ ವಸ್ತು ಅಲ್ಲ. ಟೊಲ್ವೀನ್, ಕ್ಸೈಲೀನ್, ಅಸಿಟೋನ್, ಕೆಲವು ಎಸ್ಟರ್‌ಗಳು ಎಲ್ಲ ಬೆರೆತಿರುತ್ತವೆ. ಡಬ್ಬಿಗೆ ಡಬ್ಬಿಗೆ ವ್ಯತ್ಯಾಸ. ಲೂಸ್ ಥಿನ್ನರ್ ತಂದಿದ್ದರೆ ಅದರಲ್ಲಿ ಏನಿದೆ ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಹಾಗಿದ್ದಾಗ ಗಾಜಿನ ಸಣ್ಣ ಬಾಟಲಿಯಲ್ಲಿ ಒಂದು ಸ್ಯಾಂಪಲ್ ತೆಗೆದು ಲ್ಯಾಬಿಗೆ ಮೊದಲೇ ಕಳಿಸುತ್ತೇನೆ. ಏನು ಹುಡುಕಬೇಕು ಎಂದು ಹೇಳದಿದ್ದರೆ ಲ್ಯಾಬಿನವರು ನಾವು ಕೇಳಿದ್ದನ್ನು ಮಾತ್ರ ಹುಡುಕುತ್ತಾರೆ. ಉಳಿದದ್ದು ರಿಪೋರ್ಟಿನಲ್ಲಿ ಬರುವುದೇ ಇಲ್ಲ.

ಪೆಟ್ರೋಲ್‌ನಲ್ಲಿ ಕೈ ತೊಳೆಯುವವರನ್ನು ಇವತ್ತಿಗೂ ನೋಡುತ್ತೇನೆ. ನಮ್ಮ ಪೆಟ್ರೋಲ್‌ನಲ್ಲಿ ಶೇ. 1ರವರೆಗೆ ಬೆಂಜೀನ್ ಇರಬಹುದು. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಇದಕ್ಕೆ ಅಳತೆಯ ಅಗತ್ಯವೇ ಇಲ್ಲ. ಅವತ್ತೇ ನಿಲ್ಲಿಸಿ, ಸೋಪು ತಂದಿಡಿ. ಹೀಗೆ ಕಣ್ಣಿಗೆ ಕಾಣುವ ತಪ್ಪನ್ನು ಮೊದಲು ಸರಿ ಮಾಡಿ, ಆಮೇಲೆ ದುಡ್ಡು ಖರ್ಚು ಮಾಡಿ ಅಳೆಯಿರಿ ಎಂದೇ ನಾನು ಎಲ್ಲ ಮಾಲೀಕರಿಗೂ ಹೇಳುವುದು.

ಮೂಗನ್ನು ನಂಬಬೇಡಿ. ಪೇಂಟ್ ಬೂತಿಗೆ ಕಾಲಿಟ್ಟಾಗ ಗಾಟು ಹೊಡೆಯುತ್ತದೆ. ಹತ್ತು ನಿಮಿಷ ಕಳೆದರೆ ಏನೂ ಇಲ್ಲ ಅನಿಸುತ್ತದೆ. ಗಾಳಿ ಶುದ್ಧವಾಗಿರುವುದಿಲ್ಲ, ಮೂಗು ಸೋತಿರುತ್ತದೆ. ಸೀಸಕ್ಕಂತೂ ವಾಸನೆಯೇ ಇಲ್ಲ.

ಪಂಪು, ಕೊಳವೆ, ಸೋಪಿನ ಗುಳ್ಳೆ

ಗಾಳಿ ಅಳೆಯಲು ಮುಖ್ಯವಾಗಿ ಬೇಕಾದದ್ದು ಬ್ಯಾಟರಿಯಲ್ಲಿ ನಡೆಯುವ ಒಂದು ಪುಟ್ಟ ಪಂಪು. ಇದನ್ನು ಕೆಲಸಗಾರರ ಸೊಂಟದ ಬೆಲ್ಟಿಗೆ ಸಿಕ್ಕಿಸುತ್ತೇವೆ. ಅಲ್ಲಿಂದ ಒಂದು ಮೆತ್ತನೆ ಟ್ಯೂಬ್ ಬೆನ್ನ ಮೇಲೆ ಹಾದು ಕಾಲರಿಗೆ ಬರುತ್ತದೆ. ಅದರ ತುದಿಯಲ್ಲಿ ಏನು ಸಿಕ್ಕಿಸಬೇಕು ಎನ್ನುವುದು ನಾವು ಹಿಡಿಯಬೇಕಾದ ವಸ್ತುವಿನ ಮೇಲೆ ಹೋಗುತ್ತದೆ.

ಟೊಲ್ವೀನ್, ಕ್ಸೈಲೀನ್, ಬೆಂಜೀನ್‌ನಂಥ ಆವಿಗೆ ಚಾರ್ಕೋಲ್ ಟ್ಯೂಬ್. ಪೆನ್ಸಿಲ್‌ಗಿಂತ ಸಣ್ಣದಾದ ಗಾಜಿನ ಕೊಳವೆ. ಒಳಗೆ ತೆಂಗಿನ ಚಿಪ್ಪಿನ ಇದ್ದಿಲು, ಮುಂದಿನ ಭಾಗದಲ್ಲಿ 100 ಮಿಲಿಗ್ರಾಂ, ಹಿಂದಿನ ಭಾಗದಲ್ಲಿ 50. ಗಾಳಿ ಹೋಗುವಾಗ ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಹಿಂದಿನ ಭಾಗ ಕಾವಲಿಗೆ. ಲ್ಯಾಬಿನಲ್ಲಿ ಎರಡನ್ನೂ ಬೇರೆ ಬೇರೆ ಪರೀಕ್ಷಿಸುತ್ತಾರೆ. ಮುಂದೆ ಸಿಕ್ಕಿದ್ದರ ಶೇ. 10ಕ್ಕಿಂತ ಜಾಸ್ತಿ ಹಿಂದೆ ಸಿಕ್ಕಿದರೆ ಮುಂದಿನ ಇದ್ದಿಲು ತುಂಬಿ ಹರಿದಿದೆ ಎಂದರ್ಥ. ಆಗ ನಿಜವಾದ ಪ್ರಮಾಣ ರಿಪೋರ್ಟಿನಲ್ಲಿ ಇರುವುದಕ್ಕಿಂತ ಜಾಸ್ತಿ ಇರಬಹುದು. ಮತ್ತೆ ಅಳೆಯಬೇಕು.

ಸೀಸ, ಮ್ಯಾಂಗನೀಸ್, ಕ್ರೋಮಿಯಂ, ತಾಮ್ರ ಇವು ಆವಿಯಲ್ಲ, ಪುಡಿ ಅಥವಾ ಹೊಗೆ. ಇವಕ್ಕೆ 37 ಮಿ.ಮೀ. ಅಗಲದ ಫಿಲ್ಟರ್ ಇರುವ ಪ್ಲಾಸ್ಟಿಕ್ ಕ್ಯಾಸೆಟ್. ಇದರ ಬಾಯಿ ಕೆಳಗೆ ನೋಡುವ ಹಾಗೆ ಸಿಕ್ಕಿಸಬೇಕು. ಮೇಲೆ ನೋಡುತ್ತಿದ್ದರೆ ಮೇಲಿಂದ ಬೀಳುವ ದಪ್ಪ ಕಣಗಳೂ ಒಳಗೆ ಸೇರುತ್ತವೆ. ಚಾರ್ಕೋಲ್ ಟ್ಯೂಬ್ ನೆಟ್ಟಗೆ ನಿಲ್ಲಬೇಕು. ಅಡ್ಡ ಮಲಗಿದರೆ ಇದ್ದಿಲು ಒಂದು ಕಡೆ ಜಾರಿ, ಗಾಳಿ ಸಂದಿಯಲ್ಲಿ ನುಸುಳಿ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಪಂಪು ನಿಮಿಷಕ್ಕೆ ಎಷ್ಟು ಗಾಳಿ ಎಳೆಯುತ್ತಿದೆ ಎಂದು ಕರಾರುವಾಕ್ಕಾಗಿ ಗೊತ್ತಿರಬೇಕು. ಪಂಪಿನ ಮೇಲಿರುವ ಅಂಕಿ ಸಾಲದು. ಈಗ ಇದಕ್ಕೆ ಡಿಜಿಟಲ್ ಉಪಕರಣ ಇದೆ. ಆದರೆ ನಾನು ಕಲಿತದ್ದು ಬ್ಯೂರೆಟ್, ಅಂದರೆ ಮಿ.ಲೀ. ಗೆರೆ ಹಾಕಿದ ಉದ್ದ ಗಾಜಿನ ಕೊಳವೆ, ಮತ್ತು ಸೋಪಿನ ನೀರಿನಲ್ಲಿ. ಈಗಲೂ ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಬ್ಯೂರೆಟ್ ತಲೆಕೆಳಗು ಮಾಡಿ ಸ್ಟ್ಯಾಂಡಿಗೆ ಕಟ್ಟಿ. ಮೇಲಿನ ತುದಿಗೆ, ನಡುವೆ ಚಾರ್ಕೋಲ್ ಟ್ಯೂಬ್ ಇಟ್ಟು, ಪಂಪಿನ ಕೊಳವೆ ಜೋಡಿಸಿ. ಕೆಳಗಿನ ಬಾಯಿಯನ್ನು ಸೋಪಿನ ನೀರಿನ ಬಟ್ಟಲಿಗೆ ಒಮ್ಮೆ ತಾಗಿಸಿ ತೆಗೆಯಿರಿ. ಒಂದು ತೆಳು ಪೊರೆ ಹುಟ್ಟಿ ಗಾಜಿನೊಳಗೆ ನಿಧಾನ ಮೇಲೇರುತ್ತದೆ. ಮೊದಲ ನಾಲ್ಕೈದು ಪೊರೆಗಳು ಅರ್ಧ ದಾರಿಯಲ್ಲೇ ಒಡೆಯುತ್ತವೆ. ಗಾಜಿನ ಒಳಗೋಡೆ ನೆನೆಯುವ ತನಕ ಹಾಗೇ. ಆಮೇಲೆ ಒಂದು ಪೊರೆ ಬಣ್ಣ ಮಿನುಗಿಸುತ್ತಾ ಕೊನೆಯವರೆಗೂ ಹೋಗುತ್ತದೆ. ಅದು ಒಂದು ಗೆರೆ ದಾಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ, 50 ಮಿ.ಲೀ. ದಾಟಿದ ಕೂಡಲೇ ನಿಲ್ಲಿಸಿ. 30 ಸೆಕೆಂಡ್ ಹಿಡಿದರೆ ಪಂಪು ನಿಮಿಷಕ್ಕೆ 100 ಮಿ.ಲೀ. ಎಳೆಯುತ್ತಿದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಕೆಲಸ ಮುಗಿದ ಮೇಲೆ ಇದನ್ನೇ ಮತ್ತೆ ಮಾಡಬೇಕು. ಬೆಳಗಿನ ಅಂಕಿಗೂ ಸಂಜೆಯ ಅಂಕಿಗೂ ಶೇ. 5ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಸ್ಯಾಂಪಲ್ ನಾನು ಬಿಸಾಡುತ್ತೇನೆ. ಇಡೀ ದಿನದ ಶ್ರಮ ಹೋಯಿತು ಎಂದು ಬೇಜಾರಾಗುವುದು ನಿಜ. ಆದರೆ ತಪ್ಪು ಅಂಕಿ ಒಬ್ಬರ ಆರೋಗ್ಯದ ಬಗ್ಗೆ ಸುಳ್ಳು ಹೇಳುತ್ತದೆ. ಅಳೆಯಲು ಬಂದವರು ಪಂಪು ತೆಗೆದು ಸೀದಾ ಬೆಲ್ಟಿಗೆ ಸಿಕ್ಕಿಸಿದರೆ, "ಕ್ಯಾಲಿಬ್ರೇಶನ್ ಯಾವಾಗ ಮಾಡಿದ್ರಿ, ಇವತ್ತಿನ ಅಂಕಿ ತೋರಿಸಿ" ಎಂದು ಧೈರ್ಯವಾಗಿ ಕೇಳಿ.

ಯಾರ ಕಾಲರಿಗೆ, ಯಾವ ದಿನ

ಕೊಳವೆಯ ತುದಿ ಮೂಗು ಬಾಯಿಯಿಂದ 30 ಸೆಂ.ಮೀ. ಒಳಗೆ ಇರಬೇಕು. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಪಕರಣವನ್ನು ಕೋಣೆಯ ಮೂಲೆಯ ಸ್ಟೂಲ್ ಮೇಲಿಟ್ಟು ಅಳೆದರೆ ಮೂಲೆಯ ಗಾಳಿ ಗೊತ್ತಾಗುತ್ತದೆ, ಮನುಷ್ಯನದ್ದಲ್ಲ. ಬೆಸುಗೆ ಹಾಕುವವರು ಬಗ್ಗಿ ಕೆಲಸ ಮಾಡುತ್ತಾರೆ. ಹೊಗೆ ನೇರ ಮುಖಕ್ಕೇ ಏಳುತ್ತದೆ. ಎರಡು ಮಾರು ದೂರದಲ್ಲಿ ಅದರ ಸುಳಿವೇ ಇರುವುದಿಲ್ಲ.

ಯಾರಿಗೆ ಹಾಕಬೇಕು? ಎಲ್ಲರಿಗೂ ಹಾಕುವಷ್ಟು ದುಡ್ಡಿಲ್ಲದಿದ್ದರೆ ಅತಿ ಹೆಚ್ಚು ತಾಗುವವರಿಗೆ. ಅವರು ಹೆಚ್ಚಾಗಿ ಮೇಸ್ತ್ರಿ ಆಗಿರುವುದಿಲ್ಲ. ಥಿನ್ನರ್ ಕಲಸುವ, ಪೇಂಟ್ ಹೊಡೆಯುವ ಗನ್ ತೊಳೆಯುವ, ಸಂಜೆ ಕಸ ಗುಡಿಸುವ ಹುಡುಗ ಆಗಿರುತ್ತಾನೆ. ಗನ್ ತೊಳೆಯುವಾಗ ಏಳುವ ಆವಿ ಪೇಂಟ್ ಹೊಡೆಯುವಾಗಿನಷ್ಟೇ ಕೆಟ್ಟದ್ದು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ಗ್ಯಾರೇಜಿನಲ್ಲಿ ಹಿರಿಯ ಪೇಂಟರ್ ಒಬ್ಬರು ಪಂಪು ನೋಡಿ, "ಎಂತ ಮಾರಾಯ್ತಿ, ಇದು ರೇಡಿಯೋನಾ? ನಾವು ಮಾತಾಡಿದ್ದೆಲ್ಲ ಕೇಳ್ಸುತ್ತಾ?" ಎಂದರು. ಅವರ ಅನುಮಾನ ನ್ಯಾಯವಾದದ್ದೇ. ನಾನು ಪಂಪು ಬಿಚ್ಚಿ ತೋರಿಸಿದೆ. ಕೊಳವೆಯ ತುದಿಯನ್ನು ಅವರ ಅಂಗೈಗೆ ಹಿಡಿದು ಎಳೆತ ಗೊತ್ತಾಗುವಂತೆ ಮಾಡಿದೆ. "ಅಣ್ಣಾ, ಇದು ನೀವು ಕುಡಿಯೋ ಗಾಳೀಲಿ ಒಂದು ಚೂರು ನಮಗೂ ಕೊಡಿ ಅಂತ ಕೇಳುತ್ತೆ, ಅಷ್ಟೇ" ಎಂದೆ. ಅವರು ಇಡೀ ದಿನ ಜೋಪಾನವಾಗಿ ಹಾಕಿಕೊಂಡರು. ಹೇಳದೆ ಕಟ್ಟಿದರೆ ಬೆಲ್ಟ್ ಬಿಚ್ಚಿ ಮೊಳೆಗೆ ನೇತುಹಾಕಿ ಹೋಗುತ್ತಾರೆ. ತಪ್ಪು ಅವರದ್ದಲ್ಲ.

ಅದೇ ಗ್ಯಾರೇಜಿನಲ್ಲಿ ಅವತ್ತು ಎರಡೂ ಶಟರ್ ಪೂರ್ತಿ ತೆರೆದಿದ್ದವು. ಹೊಸ ಫ್ಯಾನ್ ತಿರುಗುತ್ತಿತ್ತು. ಪೇಂಟಿಗೆ ಒಂದೇ ಒಂದು ಬಾಗಿಲು ಬಂದಿತ್ತು. ನಾನು ಬರುತ್ತೇನೆ ಎಂದು ಮಾಡಿದ ಏರ್ಪಾಡು ಎಂದು ಮಧ್ಯಾಹ್ನ ಆ ಹುಡುಗನೇ ಹೇಳಿದ. ಅಂಕಿ ಚೆನ್ನಾಗಿಯೇ ಬಂತು. ನಾನು ರಿಪೋರ್ಟಿನಲ್ಲಿ "ಶಟರ್ ತೆರೆದಿತ್ತು, ಮಾಮೂಲಿನ ಕೆಲಸ ಇರಲಿಲ್ಲ" ಎಂದು ಬರೆದು, ಜುಲೈನಲ್ಲಿ ಮತ್ತೆ ಹೋದೆ.

ಜುಲೈಗೆ ಕಾರಣ ಇದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಶಟರ್ ಇಳಿಯುತ್ತದೆ. ಇರಚಲು ಹೊಡೆದರೆ ಪೇಂಟ್ ಕೆಡುತ್ತದೆ ಎಂದು ಕಿಟಕಿಗೂ ಪ್ಲಾಸ್ಟಿಕ್ ಕಟ್ಟುತ್ತಾರೆ. ಒಳಗಿನ ಆವಿ ಒಳಗೇ. ಬೇಸಿಗೆಯ ಅಳತೆ ಮಾತ್ರ ಇಟ್ಟುಕೊಂಡು ಇಲ್ಲಿ ತೀರ್ಮಾನ ಮಾಡಬಾರದು. ಇನ್ನೊಂದು ತೊಂದರೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇದ್ದಿಲು ಹಿಡಿಯುವ ಶಕ್ತಿ ಕಮ್ಮಿಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಾನು ಒಂದೇ ಟ್ಯೂಬನ್ನು ಹೊತ್ತುಗಟ್ಟಲೆ ಓಡಿಸುವುದಿಲ್ಲ. ಗಂಟೆಗೊಂದು ಬದಲಿಸುತ್ತೇನೆ. ಟೊಲ್ವೀನ್‌ಗೆ ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ 1501ನೇ ವಿಧಾನದಲ್ಲಿ ಒಂದು ಟ್ಯೂಬಿಗೆ ಹೆಚ್ಚೆಂದರೆ 8 ಲೀಟರ್ ಗಾಳಿ. ನಿಮಿಷಕ್ಕೆ 100 ಮಿ.ಲೀ. ಲೆಕ್ಕದಲ್ಲಿ ಒಂದು ಗಂಟೆಗೆ 6 ಲೀಟರ್ ಆಗುತ್ತದೆ.

ಕೈಯಲ್ಲಿ ಹಿಡಿದು ತಕ್ಷಣ ಅಂಕಿ ನೋಡುವ ಪಿಐಡಿ ಮೀಟರ್ ಇದೆ. ಎಲ್ಲಿ ಆವಿ ಜಾಸ್ತಿ ಎಂದು ಹುಡುಕಲು ಒಳ್ಳೆಯದು. ಆದರೆ ಅದಕ್ಕೆ ಟೊಲ್ವೀನ್ ಯಾವುದು, ಅಸಿಟೋನ್ ಯಾವುದು ಗೊತ್ತಾಗುವುದಿಲ್ಲ. ತೇವಕ್ಕೂ ಅದರ ಅಂಕಿ ಏರುಪೇರಾಗುತ್ತದೆ. ಆ ಅಂಕಿಯನ್ನು ಕಾನೂನಿನ ಮಿತಿಯ ಜೊತೆ ಹೋಲಿಸಬೇಡಿ.

ಪ್ರತಿ ಸಲವೂ ಒಂದೆರಡು ಖಾಲಿ ಸ್ಯಾಂಪಲ್ ಜೊತೆಗಿರಬೇಕು. ಅದೇ ಜಾಗಕ್ಕೆ ಒಯ್ದು, ಟ್ಯೂಬಿನ ಮುಚ್ಚಿದ ಗಾಜಿನ ತುದಿ ಮುರಿದು, ಗಾಳಿ ಎಳೆಯದೆ ತಕ್ಷಣ ಮುಚ್ಚಿ, ಉಳಿದವುಗಳ ಜೊತೆ ಕಳಿಸುವುದು. ಇದರಲ್ಲೂ ಸೀಸವೋ ಟೊಲ್ವೀನೋ ಸಿಕ್ಕಿದರೆ ದಾರಿಯಲ್ಲಿ ಎಲ್ಲೋ ಸೇರಿದೆ ಎಂದು ಗೊತ್ತಾಗುತ್ತದೆ. ಟ್ಯೂಬುಗಳನ್ನು ಐಸ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸುತ್ತೇನೆ. ಥಿನ್ನರ್ ಬಾಟಲಿಯನ್ನು ಅದೇ ಪೆಟ್ಟಿಗೆಯಲ್ಲಿ ಯಾವತ್ತೂ ಇಡಬೇಡಿ.

ಲೆಕ್ಕ

ಇದು ಏಳನೇ ಕ್ಲಾಸಿನ ಗಣಿತ, ಹೆದರಬೇಡಿ. ಸೀಸದ ಒಂದು ಲೆಕ್ಕ ನೋಡೋಣ. ಪಂಪು ನಿಮಿಷಕ್ಕೆ 2 ಲೀಟರ್, 6 ಗಂಟೆ ಓಡಿತು. 360 ನಿಮಿಷಕ್ಕೆ 720 ಲೀಟರ್, ಅಂದರೆ 0.72 ಘನ ಮೀಟರ್. ಲ್ಯಾಬಿನವರು ಫಿಲ್ಟರಿನಲ್ಲಿ 90 ಮೈಕ್ರೋಗ್ರಾಂ ಸೀಸ ಇದೆ ಎಂದರು. 90 ಭಾಗಿಸು 0.72, ಉತ್ತರ 125. ಘನ ಮೀಟರಿಗೆ 125 ಮೈಕ್ರೋಗ್ರಾಂ, ಅಥವಾ 0.125 ಮಿಲಿಗ್ರಾಂ.

2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ ಸೀಸದ ಮಿತಿ 0.15 ಮಿಲಿಗ್ರಾಂ ಇತ್ತು. ಆ ಲೆಕ್ಕದಲ್ಲಿ ಇದು ಪಾಸ್. ಅಮೆರಿಕದ ಮಿತಿ 0.05. ಆ ಲೆಕ್ಕದಲ್ಲಿ ಎರಡೂವರೆ ಪಟ್ಟು ಜಾಸ್ತಿ. ಶ್ವಾಸಕೋಶ ಎರಡೂ ದೇಶದವರಿಗೆ ಒಂದೇ ಅಲ್ವಾ? "ಮಿತಿಯೊಳಗಿದೆ" ಎಂಬ ಒಂದು ಸಾಲು ಓದಿ ರಿಪೋರ್ಟ್ ಮಡಚಿಡಬೇಡಿ. ಯಾವ ಮಿತಿ ಎಂದು ಕೇಳಿ.

ಥಿನ್ನರ್‌ನ ಲೆಕ್ಕ ಸ್ವಲ್ಪ ಉದ್ದ, ಯಾಕೆಂದರೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಒಬ್ಬ ಪೇಂಟರ್ ಒಂದೂವರೆ ಗಂಟೆ ಗನ್ ಹಿಡಿದಾಗ ಟೊಲ್ವೀನ್ ಘನ ಮೀಟರಿಗೆ 800 ಮಿಲಿಗ್ರಾಂ ಇತ್ತು ಎನ್ನಿ. ನಾಲ್ಕೂವರೆ ಗಂಟೆ ಪುಟ್ಟಿ ಉಜ್ಜುವುದು, ಕಲಸುವುದು, ಆಗ 100. ಎರಡು ಗಂಟೆ ಹೊರಗೆ, ಏನೂ ಇಲ್ಲ. 1.5 ಗುಣಿಸು 800 ಎಂದರೆ 1200. 4.5 ಗುಣಿಸು 100 ಎಂದರೆ 450. ಕೂಡಿಸಿದರೆ 1650. ಎಂಟು ಗಂಟೆಗೆ ಭಾಗಿಸಿದರೆ 206. ಮಿಲಿಗ್ರಾಂ ಅನ್ನು ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಆವಿ ಎಷ್ಟು ಭಾಗ) ಮಾಡಲು 24.45ರಿಂದ ಗುಣಿಸಿ ವಸ್ತುವಿನ ಅಣುತೂಕದಿಂದ ಭಾಗಿಸಬೇಕು. ಟೊಲ್ವೀನ್‌ನ ಅಣುತೂಕ 92.14. ಉತ್ತರ ಸುಮಾರು 55 ಪಿಪಿಎಂ.

ಶೆಡ್ಯೂಲ್‌ನಲ್ಲಿ ಎಂಟು ಗಂಟೆಯ ಸರಾಸರಿಗೆ ಮಿತಿ 100 ಪಿಪಿಎಂ ಇತ್ತು. ಮತ್ತೆ ಪಾಸ್. ಆದರೆ ಗನ್ ಹಿಡಿದಾಗಿನ 800 ಮಿಲಿಗ್ರಾಂ ಎಂದರೆ 212 ಪಿಪಿಎಂ. ಹದಿನೈದು ನಿಮಿಷದ ಮಿತಿ 150. ಅಲ್ಲಿ ಫೇಲ್. ತಲೆ ತಿರುಗುವುದು, ಕೈ ನಡುಗುವುದು ಆ ಹೊತ್ತಿನಲ್ಲೇ. ಹಾಗಾಗಿ ಇಡೀ ದಿನದ ಸ್ಯಾಂಪಲ್ ಜೊತೆ, ಅತಿ ಕೆಟ್ಟ ಹದಿನೈದು ನಿಮಿಷಕ್ಕೆ ಬೇರೆಯೇ ಒಂದು ಟ್ಯೂಬ್ ಹಾಕಿಸಿ.

ಇನ್ನೂ ಮುಗಿದಿಲ್ಲ. ಅದೇ ಗಾಳಿಯಲ್ಲಿ ಕ್ಸೈಲೀನ್ 50 ಪಿಪಿಎಂ ಇದ್ದರೆ? ಅದರ ಮಿತಿಯೂ 100. ಎರಡೂ ಒಂದೇ ರೀತಿ ನರಕ್ಕೆ ಹೊಡೆಯುವ ವಸ್ತುಗಳು, ಆದ್ದರಿಂದ ಕೂಡಿಸಿ ನೋಡಬೇಕು. 55 ಭಾಗಿಸು 100 ಎಂದರೆ 0.55, 50 ಭಾಗಿಸು 100 ಎಂದರೆ 0.5. ಒಟ್ಟು 1.05. ಒಂದು ದಾಟಿದರೆ ಮಿತಿ ಮೀರಿದ ಹಾಗೆ. ಬೇರೆ ಬೇರೆ ನೋಡಿದಾಗ ಎರಡೂ ಪಾಸಾಗಿದ್ದವು.

ಗಾಳಿಯಲ್ಲಿ ಸಿಗದಿದ್ದದ್ದು ಮೈಯಲ್ಲಿ ಸಿಗುತ್ತದೆ

ಚರ್ಮದಿಂದ ಒಳಗೆ ಹೋದದ್ದು, ಬೀಡಿಯ ಜೊತೆ ಬಾಯಿಗೆ ಹೋದದ್ದು, ಊಟದ ತುತ್ತಿನ ಜೊತೆ ನುಂಗಿದ್ದು, ಇದ್ಯಾವುದೂ ಪಂಪಿಗೆ ಸಿಗುವುದಿಲ್ಲ. ಅಪ್ಪನ ವಿಷಯದಲ್ಲಿ ಗಾಳಿಗಿಂತ ಬುತ್ತಿಯ ಬೆಂಚೇ ಹೆಚ್ಚು ಸೀಸ ಕೊಟ್ಟಿರಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ಅದಕ್ಕೆ ರಕ್ತ, ಮೂತ್ರ.

ಸೀಸಕ್ಕೆ ರಕ್ತ. ಯಾವ ದಿನ, ಯಾವ ಹೊತ್ತು ಎಂಬ ಕಟ್ಟುಪಾಡಿಲ್ಲ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಕಟ್ಟುಪಾಡು ಇರುವುದು ಶುಚಿಯಲ್ಲಿ. ಸೂಜಿ ಚುಚ್ಚುವ ಮುಂಚೆ ಕೈಯನ್ನು ಮೊಣಕೈ ತನಕ ಸೋಪು ಹಚ್ಚಿ ತೊಳೆಯಬೇಕು. ಚರ್ಮದ ಮೇಲಿನ ಪುಡಿ ರಕ್ತಕ್ಕೆ ಬೆರೆತರೆ ಅಂಕಿ ಸುಳ್ಳಾಗುತ್ತದೆ. ಬೆರಳು ಚುಚ್ಚಿ ತೆಗೆಯುವುದಕ್ಕಿಂತ ತೋಳಿನ ರಕ್ತನಾಳದಿಂದ ತೆಗೆಸಿ. ಲೋಹ ಪರೀಕ್ಷೆಗೆ ಆಗುವ ಟ್ಯೂಬೇ ಬಳಸುತ್ತೀರಾ ಎಂದು ಲ್ಯಾಬಿನವರನ್ನು ಮೊದಲೇ ಕೇಳಿ.

ಥಿನ್ನರ್‌ಗೆ ಮೂತ್ರ, ಅದೂ ಪಾಳಿ ಮುಗಿದ ಕೂಡಲೇ. ಮರುದಿನ ಬೆಳಿಗ್ಗೆ ಕೊಟ್ಟರೆ ಅಷ್ಟರಲ್ಲಿ ಬಹುಪಾಲು ಹೊರಗೆ ಹೋಗಿರುತ್ತದೆ. ಟೊಲ್ವೀನ್‌ಗೆ ಹಳೆಯ ಪರೀಕ್ಷೆ, ಅದು ಮೈಯೊಳಗೆ ಮಾರ್ಪಟ್ಟು ಮೂತ್ರದಲ್ಲಿ ಬರುವ ಹಿಪ್ಪುರಿಕ್ ಆಸಿಡ್ ಅಳೆಯುವುದು. ಇದರಲ್ಲಿ ಒಂದು ತೊಡಕಿದೆ. ಅಂಗಡಿ ಉಪ್ಪಿನಕಾಯಿ, ಬಾಟಲಿ ಜ್ಯೂಸು ಕೆಡದಿರಲು ಹಾಕುವ ಸೋಡಿಯಂ ಬೆಂಜೋಯೇಟ್ ಕೂಡ ಮೈಯಲ್ಲಿ ಹಿಪ್ಪುರಿಕ್ ಆಸಿಡ್ಡೇ ಆಗುತ್ತದೆ. ಮನೆಯಲ್ಲಿ ಉಪ್ಪಿನಲ್ಲೇ ಹಾಕಿದ ಅಪ್ಪೆಮಿಡಿಗೆ ಅದನ್ನು ಹಾಕುವುದಿಲ್ಲ. ಒಮ್ಮೆ ಪೇಂಟಿಂಗ್ ಕಡೆ ಕಾಲೇ ಇಡದ ಲೆಕ್ಕ ಬರೆಯುವ ಹುಡುಗಿಯ ಅಂಕಿ ಪೇಂಟರ್‌ಗಿಂತ ಜಾಸ್ತಿ ಬಂತು. ವಿಚಾರಿಸಿದರೆ ಮಧ್ಯಾಹ್ನ ಎರಡು ಬಾಟಲಿ ಜ್ಯೂಸ್ ಕುಡಿದಿದ್ದಳು. ಹಾಗಾಗಿ ಈಗ, ಟೊಲ್ವೀನ್ ಮೈಯಲ್ಲಿ ಮಾರ್ಪಟ್ಟು ಆಗುವ ಇನ್ನೊಂದು ವಸ್ತು ಆರ್ಥೋ ಕ್ರೆಸಾಲ್ ಪರೀಕ್ಷೆ ಕೇಳುತ್ತೇನೆ. ಬೀಡಿ ಸಿಗರೇಟು ಸೇದುವವರಲ್ಲಿ ಅದೂ ಸ್ವಲ್ಪ ಏರುತ್ತದೆ, ಬರೆದಿಟ್ಟುಕೊಳ್ಳಿ. ಕ್ಸೈಲೀನ್‌ಗೆ ಮೀಥೈಲ್ ಹಿಪ್ಪುರಿಕ್ ಆಸಿಡ್, ಇದಕ್ಕೆ ಉಪ್ಪಿನಕಾಯಿಯ ಕಾಟ ಇಲ್ಲ.

ಮನೆಯನ್ನೂ ನೋಡಬೇಕು. ಅಪ್ಪನ ಅಂಗಿಯನ್ನು ಅಮ್ಮ ನಮ್ಮ ಯೂನಿಫಾರ್ಮ್ ಜೊತೆಗೇ ನೆನೆಹಾಕುತ್ತಿದ್ದರು. ನನ್ನ ತಮ್ಮನ ರಕ್ತದಲ್ಲೂ ಸೀಸ ಸಿಕ್ಕಿತು. ಮನೆಯ ಪರೀಕ್ಷೆ ಸುಲಭ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಕತ್ತರಿಸಿದ ರಟ್ಟನ್ನು ನೆಲದ ಮೇಲಿಟ್ಟು, ಒಳಗಿನ ಜಾಗವನ್ನು ಒದ್ದೆ ವೈಪ್‌ನಲ್ಲಿ ಮೊದಲು ಅಡ್ಡಕ್ಕೆ, ಮಡಚಿ ಮತ್ತೆ ಉದ್ದಕ್ಕೆ ಒರೆಸಿ, ಶುಚಿಯಾದ ಟ್ಯೂಬಿಗೆ ಹಾಕಿ ಲ್ಯಾಬಿಗೆ ಕಳಿಸುವುದು. ಬಾಗಿಲ ಹೊಸ್ತಿಲು, ಬಟ್ಟೆ ಬಿಚ್ಚುವ ಜಾಗ, ಮಗು ಆಡುವ ಜಾಗ, ಈ ಮೂರು ಕಡೆ ಸಾಕು. ಪ್ರತಿ ಕಡೆಗೂ ಹೊಸ ಗ್ಲೌಸ್.

ತೋಟದಲ್ಲಿ

ಇದು ಗ್ಯಾರೇಜಿನವರಿಗೆ ಮಾತ್ರ ಸಂಬಂಧಪಟ್ಟ ಮಾತು ಎಂದುಕೊಳ್ಳಬೇಡಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. 500 ಲೀಟರ್ ಹೊಡೆದರೆ ತೋಟಕ್ಕೆ ಸುಮಾರು 1.27 ಕೆಜಿ ತಾಮ್ರ ಇಳಿದ ಹಾಗೆ. ಅದು ಕರಗಿ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ವರ್ಷದಿಂದ ವರ್ಷಕ್ಕೆ ಕೂಡುತ್ತದೆ.

ಮಿಶ್ರಣ ಸರಿಯಾಗಿದೆಯಾ ಎಂದು ನಮ್ಮ ಹಿರಿಯರು ಮಾಡುತ್ತಿದ್ದ ಪರೀಕ್ಷೆ ನಿಮಗೂ ಗೊತ್ತಿರಬಹುದು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು. ಕತ್ತಿಯ ಮೇಲೆ ಕೆಂಪು ಪೊರೆ ಕೂತರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿದೆ. ಅಡಿಕೆಗೂ ಕೆಟ್ಟದ್ದು, ಹೊಡೆಯುವವರ ಕಣ್ಣು ಚರ್ಮಕ್ಕೂ ಕೆಟ್ಟದ್ದು. ಇದೂ ಒಂದು ಅಳತೆಯೇ, ದುಡ್ಡಿಲ್ಲದ ಅಳತೆ.

ಮರ ಹತ್ತಿ ಹೊಡೆಯುವ ಕೊನೆಗಾರರಿಗೆ ಗೊನೆ ಮುಖದ ಮುಂದೆಯೇ ಇರುತ್ತದೆ. ಈಗ ಫೈಬರ್ ದೋಟಿಯಲ್ಲಿ ನೆಲದಿಂದ ಹೊಡೆಯುವವರು ಕತ್ತು ಮೇಲೆತ್ತಿ ನಿಲ್ಲುತ್ತಾರೆ, ಹನಿಯೆಲ್ಲ ಮುಖಕ್ಕೆ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಾನುಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದ ಕಾಯಿಲೆಯನ್ನು ವೈದ್ಯರು 1969ರಲ್ಲೇ ದಾಖಲಿಸಿದ್ದಾರೆ. ಇಲ್ಲೂ ಫಿಲ್ಟರ್ ಕ್ಯಾಸೆಟ್ಟನ್ನೇ ಕಾಲರಿಗೆ ಹಾಕಿ ಅಳೆಯಬಹುದು. ಗಾಳಿಯಲ್ಲಿ ತಾಮ್ರದ ಹನಿ, ಪುಡಿಗೆ ಅಮೆರಿಕದ ಮಿತಿ ಘನ ಮೀಟರಿಗೆ 1 ಮಿಲಿಗ್ರಾಂ. ಪಂಪಿಗೆ ಪ್ಲಾಸ್ಟಿಕ್ ಸುತ್ತಿ, ಇಲ್ಲದಿದ್ದರೆ ನೆನೆದು ಕೆಡುತ್ತದೆ. ಅಂಗಿಯ ತೋಳಿನ ಮೇಲೆ, ಎದೆಯ ಮೇಲೆ ಗಾಜ್ ಬಟ್ಟೆಯ ತುಂಡು ಅಂಟಿಸಿ, ಕೆಲಸ ಮುಗಿದ ಮೇಲೆ ಅದರಲ್ಲಿನ ತಾಮ್ರ ಅಳೆಸಿದರೆ ಮೈಗೆ ಬಿದ್ದದ್ದೂ ಗೊತ್ತಾಗುತ್ತದೆ.

ಮಣ್ಣು ಪರೀಕ್ಷೆಗೆ ಕೊಡುವಾಗ ಒಂದು ಮಾತು. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಬರುವ ತಾಮ್ರದ ಅಂಕಿ ಗಿಡಕ್ಕೆ ಸಿಗುವ ತಾಮ್ರದ್ದು. ಮಣ್ಣಿನಲ್ಲಿ ಒಟ್ಟು ಎಷ್ಟು ಕೂಡಿದೆ ಎಂದು ತಿಳಿಯಲು "ಒಟ್ಟು ತಾಮ್ರ" ಎಂದೇ ಕೇಳಬೇಕು, ಅದು ಬೇರೆ ಪರೀಕ್ಷೆ. ಹೋಲಿಕೆಗೆ ಔಷಧಿ ತಾಗದ ಸೊಪ್ಪಿನ ಬೆಟ್ಟದ ಮಣ್ಣನ್ನೂ ಒಂದು ಚೀಲ ಕೊಡಿ.

ಬಾವಿ ನೀರಿಗೆ ಲೋಹ ಪರೀಕ್ಷೆ ಆದರೆ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಲ್ಯಾಬಿನವರೇ ಹಾಕಿಕೊಟ್ಟ ನೈಟ್ರಿಕ್ ಆಸಿಡ್ ಇರಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಬಿಡುತ್ತದೆ. ಥಿನ್ನರ್, ಪೆಟ್ರೋಲ್ ಅನುಮಾನ ಇದ್ದರೆ ಗಾಜಿನ ಸಣ್ಣ ಬಾಟಲಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಕಂಠದವರೆಗೆ ತುಂಬಿ ಮುಚ್ಚಬೇಕು. ಕುಡಿಯುವ ನೀರಿಗೆ ಸೀಸದ ಭಾರತೀಯ ಮಾನಕ ಲೀಟರಿಗೆ 0.01 ಮಿಲಿಗ್ರಾಂ.

ಅಂಕಿ ಬಂದ ಮೇಲೆ

ರಿಪೋರ್ಟ್ ಮೊದಲು ಹೋಗಬೇಕಾದದ್ದು ಪಂಪು ಹೊತ್ತವರ ಕೈಗೆ. ನಾನು ಪ್ರತಿಯೊಬ್ಬರಿಗೂ ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡುತ್ತೇನೆ. ಯಾವ ದಿನ, ಯಾವ ಕೆಲಸ, ಶಟರ್ ತೆರೆದಿತ್ತಾ ಮುಚ್ಚಿತ್ತಾ, ಎಷ್ಟು ಬಂತು, ಮಿತಿ ಎಷ್ಟು, ಮುಂದೆ ಏನು ಮಾಡಬೇಕು. ವೈದ್ಯರ ಹತ್ತಿರ ಹೋದಾಗ ಇದನ್ನು ತೋರಿಸಿ ಎಂದು ಕೆಳಗೆ ಬರೆಯುತ್ತೇನೆ. ಅವರು ಕೇಳದಿದ್ದರೂ ತೋರಿಸಿ.

ಕರವಸ್ತ್ರ ಕಟ್ಟಿಕೊಂಡರೆ ಥಿನ್ನರ್ ಆವಿ ನಿಲ್ಲುವುದಿಲ್ಲ. ಎನ್95 ಮಾಸ್ಕೂ ಪುಡಿಗೆ ಮಾತ್ರ. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಅದಕ್ಕೂ ಮೊದಲು ಆವಿಯನ್ನು ಹೊರಗೆ ಎಳೆಯುವ ಎಕ್ಸಾಸ್ಟ್ ಬೇಕು, ಅದೂ ಪೇಂಟರ್‌ನ ಮುಖದಿಂದ ದೂರಕ್ಕೆ ಎಳೆಯುವ ಹಾಗೆ. ಬೆನ್ನ ಹಿಂದೆ ಹಾಕಿದರೆ ಆವಿ ಅವನ ಮುಖ ದಾಟಿಯೇ ಹೋಗುತ್ತದೆ.

ಬದಲಾವಣೆ ಮಾಡಿದ ಮೇಲೆ ಅದೇ ಕೆಲಸ, ಅದೇ ಮನುಷ್ಯ, ಅದೇ ಮಳೆಗಾಲದಲ್ಲಿ ಮತ್ತೆ ಅಳೆಯಿರಿ. ಸೀಸ ಆದರೆ ರಕ್ತವನ್ನು ಮೂರು ತಿಂಗಳಿಗೊಮ್ಮೆ ನೋಡಿ. ಅಪ್ಪ ಬುತ್ತಿಯನ್ನು ಹೊರಗೆ ತೆಗೆದುಕೊಂಡು ಹೋಗಲು ಶುರು ಮಾಡಿದರು. ಬೆಸುಗೆಯ ಬೆಂಚಿನ ಮೇಲೆ ಹೊಗೆ ಎಳೆಯುವ ಕೊಳವೆ ಕೂರಿಸಿದೆವು, ಅಂಗಿಯನ್ನು ಅಂಗಡಿಯಲ್ಲೇ ಬಿಟ್ಟು ಬರತೊಡಗಿದರು. 52 ಇದ್ದದ್ದು ಮೂರು ತಿಂಗಳಿಗೆ 41, ವರ್ಷಕ್ಕೆ 27 ಆಯಿತು. ಹೊಟ್ಟೆನೋವು ಎರಡನೇ ಪರೀಕ್ಷೆಯ ಹೊತ್ತಿಗೇ ನಿಂತಿತ್ತು.